ಹಬ್ಬಕ್ಕೆ ಸೆಕೆಂಡ್ ಹ್ಯಾಂಡ್ ಬಟ್ಟೆ: ನಿಮ್ಮ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ನಮ್ಮ ಮನೆಯ ಹಬ್ಬದ ಬಟ್ಟೆಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹಬ್ಬಕ್ಕೆ ಮೂರು ವಾರ ಇದೆ ಅನ್ನುವಾಗ ನಾವು ಮನೆಮಂದಿಯೆಲ್ಲ ಒಟ್ಟಿಗೆ ಸೆಕೆಂಡ್ ಹ್ಯಾಂಡ್ ಬಟ್ಟೆ ಅಂಗಡಿಗೆ ಹೋಗುತ್ತೇವೆ. ಅಲ್ಲಿ ಆರಿಸಿದ್ದನ್ನು ತಂದು, ಒಗೆದು, ಬೇಕಾದಲ್ಲಿ ಬಿಚ್ಚಿ ಹೊಲಿದು, ಹಬ್ಬದ ದಿನ ತೊಡುತ್ತೇವೆ. ನನಗೆ ಒಂಬತ್ತು ವರ್ಷವಿದ್ದಾಗ ಅಮ್ಮ ಇದನ್ನು ಶುರು ಮಾಡಿದರು. ಈಗ ನನ್ನ ಮಕ್ಕಳವರೆಗೂ ಬಂದಿದೆ. ಆ ನಾಲ್ಕು ಸಾಲಿಗೆ ಇಷ್ಟೊಂದು ಪತ್ರ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ನಮ್ಮ ಮನೆಯಲ್ಲೂ ಐದಾರು ವರ್ಷದಿಂದ ಹಬ್ಬಕ್ಕೆ ಸೆಕೆಂಡ್ ಹ್ಯಾಂಡ್ ಬಟ್ಟೆಯನ್ನೇ ತರುತ್ತಿದ್ದೇವೆ. ಹದಿಮೂರು ವರ್ಷದ ಮಗಳು ಈ ಸಲ ಬರೋದೇ ಇಲ್ಲ ಅಂತ ಹಟ ಹಿಡಿದಿದ್ದಾಳೆ. ಗೆಳತಿಯರಿಗೆ ಗೊತ್ತಾದರೆ ನಗುತ್ತಾರಂತೆ. ಒಂದು ಹತ್ತಿ ಟೀ ಶರ್ಟಿಗೆ ಎಷ್ಟು ನೀರು ಖರ್ಚಾಗುತ್ತದೆ ಅಂತೆಲ್ಲ ಹೇಳಿ ನೋಡಿದೆ. ಕೇಳುತ್ತಿಲ್ಲ. ಏನು ಮಾಡಲಿ?

ಉತ್ತರ: ನೀರಿನ ಲೆಕ್ಕ ಸುಳ್ಳಲ್ಲ. ಒಂದು ಹತ್ತಿ ಟೀ ಶರ್ಟಿಗೆ ಸುಮಾರು 2,700 ಲೀಟರ್ ನೀರು ಬೇಕಾಗುತ್ತದೆ ಅಂತ ವಿಶ್ವ ವನ್ಯಜೀವಿ ನಿಧಿಯೇ ಹೇಳಿದೆ. ಆದರೆ ಹದಿಮೂರು ವರ್ಷದ ಹುಡುಗಿಗೆ ನಾಳೆ ಬೆಳಿಗ್ಗೆ ಗೆಳತಿಯರ ಎದುರು ಹೋಗಿ ನಿಲ್ಲುವುದೇ ದೊಡ್ಡ ಚಿಂತೆ. ಅದು ಸಣ್ಣ ವಿಷಯ ಅಂತ ದಯವಿಟ್ಟು ಹೇಳಬೇಡಿ. ಅವಳ ಮಟ್ಟಿಗೆ ಅದು ಸಣ್ಣದಲ್ಲ.

ನನಗೆ ಹನ್ನೆರಡು ವರ್ಷವಾದಾಗ ಅಮ್ಮ ನನಗಾಗಿ ಕಂದು ಬಣ್ಣದ ಲಂಗ ಆರಿಸಿದ್ದರು. ಗಟ್ಟಿ ಬಟ್ಟೆ, ಒಳ್ಳೆ ಹೊಲಿಗೆ, ಒಂದು ಕಲೆ ಇಲ್ಲ. ಹಬ್ಬದ ದಿನವಿಡೀ ನಾನು ಅದರ ಮೇಲೆ ಉದ್ದನೆಯ ಸ್ವೆಟರ್ ಎಳೆದುಕೊಂಡು ಮೂಲೆಯಲ್ಲಿ ಕೂತಿದ್ದೆ. ಆಗ ನನಗೆ ಅದು ಹಳೆ ಬಟ್ಟೆ ಅನ್ನುವ ನಾಚಿಕೆ ಅಂತಲೇ ಅನ್ನಿಸಿತ್ತು. ಈಗ ಯೋಚಿಸಿದರೆ, ನಾಚಿಕೆ ಹಳೆಯದು ಅನ್ನುವುದಕ್ಕೆ ಅಲ್ಲ. ಅದು ನನ್ನದಾಗಿರಲಿಲ್ಲ, ಅಷ್ಟೆ. ನಾನು ಆರಿಸಿರಲಿಲ್ಲ.

ಅಮ್ಮನಿಗೆ ಅದು ಗೊತ್ತಾಗಿರಬೇಕು. ಮುಂದಿನ ವರ್ಷ ಅಂಗಡಿ ಬಾಗಿಲಲ್ಲೇ ನನ್ನ ಪಾಲಿನ ದುಡ್ಡು ನನ್ನ ಕೈಗೆ ಕೊಟ್ಟು, ಅಲ್ಲೇ ಒಂದು ಸ್ಟೂಲ್ ಮೇಲೆ ಕೂತುಬಿಟ್ಟರು. ಒಳಗೆ ಬರಲಿಲ್ಲ. ನಾನು ಒಂದು ಗಂಟೆಗೂ ಜಾಸ್ತಿ ಹುಡುಕಿದೆ. ಕೊನೆಗೆ ಹಸಿರು ಮಖಮಲ್ ಜಾಕೆಟ್ ಹಿಡಿದುಕೊಂಡು ಬಂದೆ. ಅದರ ಜಿಪ್ಪಿನ ಹಲ್ಲು ಅರ್ಧಕ್ಕರ್ಧ ಉದುರಿತ್ತು. ಅಮ್ಮ ಬೈಯಲಿಲ್ಲ, ಬೇಡ ಅನ್ನಲಿಲ್ಲ. "ಜಿಪ್ ನೀನೇ ಹಾಕ್ತೀಯಾ?" ಅಂತ ಕೇಳಿದರು. ಹೂಂ ಅಂದೆ.

ಆ ಜಿಪ್ ಹಾಕೋಕೆ ನಾಲ್ಕು ಸಂಜೆ ಬೇಕಾಯಿತು. ಮಖಮಲ್ಲಿಗೆ ಒಂದು ದಿಕ್ಕು ಇರುತ್ತದೆ. ಮೇಲಿನಿಂದ ಕೆಳಗೆ ಸವರಿದರೆ ಒಂದು ಬಣ್ಣ, ಕೆಳಗಿನಿಂದ ಮೇಲೆ ಸವರಿದರೆ ಇನ್ನೊಂದು. ಹೊಲಿಯುವಾಗ ಒಂದು ಪದರ ಇನ್ನೊಂದರ ಮೇಲೆ ತೆವಳಿಕೊಂಡು ಹೋಗುತ್ತದೆ. ಸುಮ್ನೆ ಗುಂಡುಸೂಜಿ ಚುಚ್ಚಿದರೆ ಸಾಲದು, ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿಕೊಂಡೇ ಕೂರಬೇಕು. ಅಮ್ಮ ಪಕ್ಕದಲ್ಲಿ ಕೂತು ತಮ್ಮನ ಶರ್ಟಿಗೆ ಗುಂಡಿ ಹಾಕುತ್ತಿದ್ದರು. ಎರಡು ಸೂಜಿ ಮುರಿದೆ. ಮೂರು ಸಲ ಬಿಚ್ಚಿದೆ. ಹಬ್ಬದ ದಿನ ಆ ಜಿಪ್ ಎಳೆದಾಗ ಬಂದ ಸದ್ದು ನನಗೆ ಇನ್ನೂ ನೆನಪಿದೆ. ಯಾರೂ ನಗಲಿಲ್ಲ. ನಕ್ಕಿದ್ದರೂ ನನಗೆ ಕೇಳಿಸುತ್ತಿರಲಿಲ್ಲವೇನೋ.

ಹಾಗಾಗಿ ನನ್ನ ಸಲಹೆ ಇಷ್ಟು. ಅವಳ ಪಾಲಿನ ದುಡ್ಡು ಅವಳ ಕೈಗೆ ಕೊಡಿ. ಒಬ್ಬ ಗೆಳತಿಯನ್ನು ಕರೆದುಕೊಂಡು ಬರುತ್ತೀಯಾ ಅಂತ ಕೇಳಿ ನೋಡಿ. ಅವಳು ಆರಿಸಿದ್ದು ನಿಮಗೆ ಹಿಡಿಸದೇ ಇದ್ದರೂ ಬಾಯಿ ಬಿಡಬೇಡಿ. ಇಷ್ಟಾದರೂ ಈ ಸಲ ಹೊಸದೇ ಬೇಕು ಅಂದರೆ ಹೊಸದೇ ತೊಡಲಿ. ನನ್ನ ಮಗ ಹದಿನೈದನೇ ವಯಸ್ಸಲ್ಲಿ ಎರಡು ವರ್ಷ ನಮ್ಮ ಜೊತೆ ಬಂದಿರಲಿಲ್ಲ. ನಾವು ಒತ್ತಾಯ ಮಾಡಲಿಲ್ಲ. ಆದರೆ ಸಂಜೆ ಎಲ್ಲರೂ ಸೂಜಿ ದಾರ ಹಿಡಿದು ಕೂತಾಗ ಅವನೂ ಬಂದು ಕೂರುತ್ತಿದ್ದ, ಅಜ್ಜಿಗೆ ಸೂಜಿ ಪೋಣಿಸಿಕೊಡುತ್ತಿದ್ದ. ಮೂರನೇ ವರ್ಷ ಅವನೇ "ಈ ಸಲ ನಾನೂ ಬರ್ತೀನಿ" ಅಂದ.

ಪ್ರಶ್ನೆ: ನಾವೂ ಈ ವರ್ಷದಿಂದ ಶುರು ಮಾಡಬೇಕು ಅಂತಿದ್ದೇವೆ. ನಾಲ್ಕು ಜನರ ಮನೆ. ಹೇಗೆ ಶುರು ಮಾಡೋದು?

ಉತ್ತರ: ಬೇಗ ಹೊರಡಿ. ನಾನು ಹೇಳುವುದರಲ್ಲಿ ಮುಖ್ಯವಾದದ್ದು ಇದೊಂದೇ. ಹೊಸ ಬಟ್ಟೆಯನ್ನು ಹಬ್ಬದ ಹಿಂದಿನ ದಿನ ತಂದರೂ ನಡೆಯುತ್ತದೆ. ಸೆಕೆಂಡ್ ಹ್ಯಾಂಡ್ ಬಟ್ಟೆಗೆ ಸಮಯ ಬೇಕು. ಹುಡುಕಲು ಒಂದು ವಾರ, ಒಗೆದು ಗಾಳಿಗೆ ಹಾಕಲು ಒಂದು ವಾರ, ಹೊಲಿಗೆಗೆ ಒಂದು ವಾರ. ಮೊದಲ ದಿನವೇ ಸಿಗಬೇಕು ಅಂತ ಹೋದರೆ ಬೇಡದ್ದನ್ನು ತರುತ್ತೀರಿ. ಒಂದು ಸಲ ಬರಿಗೈಯಲ್ಲಿ ವಾಪಸ್ ಬರಲು ತಯಾರಾಗಿ ಹೋಗಿ.

ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಮೊತ್ತ. ದೊಡ್ಡವರಿಗೆ ಜಾಸ್ತಿ, ಚಿಕ್ಕವರಿಗೆ ಕಡಿಮೆ ಅಂತ ಇಲ್ಲ. ಮೇಲಿನ ಬಟ್ಟೆ, ಅಂದರೆ ಎಲ್ಲರ ಕಣ್ಣಿಗೆ ಬೀಳುವ ಬಟ್ಟೆ, ಅವರವರೇ ಆರಿಸಬೇಕು. ಜೊತೆಗೆ ಒಂದು ಚಿಕ್ಕ ವಸ್ತು, ಬೆಲ್ಟೋ ಸ್ಕಾರ್ಫೋ ಟೋಪಿಯೋ, ಇನ್ನೊಬ್ಬರಿಗಾಗಿ ಹುಡುಕಬೇಕು. ಯಾರು ಯಾರಿಗೆ ಅಂತ ಚೀಟಿ ಎತ್ತುತ್ತೇವೆ. ಚೀಟಿಯಲ್ಲಿ ಯಾರ ಹೆಸರು ಬಂತು ಅಂತ ಹಬ್ಬದವರೆಗೂ ಹೇಳುವ ಹಾಗಿಲ್ಲ. ಈ ಚೀಟಿ ಬಂದಮೇಲೆ ಮಕ್ಕಳು ತಮ್ಮ ಬಟ್ಟೆಗಿಂತ ಇನ್ನೊಬ್ಬರ ವಸ್ತು ಹುಡುಕಲೇ ಜಾಸ್ತಿ ಹೊತ್ತು ಕಳೆಯುತ್ತಾರೆ. ಅಪ್ಪನಿಗೆ ಯಾವ ಬಣ್ಣ ಇಷ್ಟ ಅಂತ ನನ್ನ ಮಗಳು ಮೊದಲ ಸಲ ಗಮನಿಸಿದ್ದು ಹಾಗೆ.

ಹೋಗುವಾಗ ಟೇಪು, ಚಿಕ್ಕ ಟಾರ್ಚು ಮತ್ತು ಒಂದು ಚೀಲ ಇಟ್ಟುಕೊಳ್ಳಿ. ಬಿಗಿಯಾದ, ತೆಳ್ಳನೆಯ ಬಟ್ಟೆ ತೊಟ್ಟು ಹೋಗಿ. ಟ್ರಯಲ್ ರೂಮ್ ಇಲ್ಲದಿದ್ದರೂ ಅದರ ಮೇಲೆಯೇ ತೊಟ್ಟು ನೋಡಬಹುದು.

ಪ್ರಶ್ನೆ: ನೋಡಲು ಚೆನ್ನಾಗಿದೆ ಅಂತ ತಂದ ಬಟ್ಟೆ ಎರಡೇ ಒಗೆತಕ್ಕೆ ಹಾಳಾಯಿತು. ಒಳ್ಳೆಯದು ಯಾವುದು ಅಂತ ಗುರುತು ಹಿಡಿಯೋದು ಹೇಗೆ?

ಉತ್ತರ: ಬಟ್ಟೆಯನ್ನು ಒಳಮಗ್ಗುಲಿಗೆ ತಿರುಗಿಸಿ. ನಾನು ಯಾವ ಬಟ್ಟೆಯ ಹೊರಭಾಗವನ್ನೂ ಮೊದಲು ನೋಡುವುದಿಲ್ಲ. ಹೊರಭಾಗಕ್ಕೆ ಇಸ್ತ್ರಿ ಹಾಕಿರುತ್ತಾರೆ. ಒಳಭಾಗಕ್ಕೆ ಯಾರೂ ಏನೂ ಮಾಡಿರುವುದಿಲ್ಲ, ಹಾಗಾಗಿ ಅದು ನಿಜ ಹೇಳುತ್ತದೆ.

ಮೊದಲು ಕಂಕುಳು. ಬೆಳಕಿಗೆ ಹಿಡಿದು ನೋಡಿ. ಬಟ್ಟೆ ಸವೆಯುವುದು, ಬೆವರಿಗೆ ಬಣ್ಣ ಕೆಡುವುದು ಅಲ್ಲೇ ಮೊದಲು. ಆಮೇಲೆ ಕಾಲರ್ ಮಡಿಕೆ, ತೋಳಿನ ತುದಿ, ಪ್ಯಾಂಟಿನ ತೊಡೆಸಂದು. ಹೊಲಿಗೆಯ ಎರಡೂ ಪಕ್ಕ ಹಿಡಿದು ಮೆತ್ತಗೆ ಎಳೆಯಿರಿ. ದಾರ ಏಣಿಯ ಮೆಟ್ಟಿಲಿನ ಹಾಗೆ ಬಾಯಿ ಬಿಟ್ಟರೆ ಇಟ್ಟುಬಿಡಿ. ಬರೀ ಹೊಲಿಗೆ ಬಿಟ್ಟಿದ್ದರೆ ಮತ್ತೆ ಹಾಕಬಹುದು, ಬಟ್ಟೆಯ ನೂಲೇ ಬಿಟ್ಟಿದ್ದರೆ ಏನೂ ಮಾಡಲಾಗದು. ಜಿಪ್ಪನ್ನು ಮೂರು ಸಲ ಎಳೆದು ನೋಡಿ. ಗುಂಡಿ ಇಲ್ಲದಿದ್ದರೆ ಚಿಂತೆಯಿಲ್ಲ, ಕಾಜ ಹರಿದಿದ್ದರೆ ಯೋಚಿಸಿ.

ಎಲಾಸ್ಟಿಕ್ ಎಳೆದು ಬಿಡಿ. ತಕ್ಷಣ ವಾಪಸ್ ಬರದಿದ್ದರೆ ಅದರ ಜೀವ ಮುಗಿದಿದೆ. ಸೊಂಟದ ಪಟ್ಟಿ ಆದರೆ ಹೊಸ ಎಲಾಸ್ಟಿಕ್ ತೂರಿಸಬಹುದು. ಬಟ್ಟೆಯಲ್ಲೇ ನೇಯ್ದು ಬಂದಿದ್ದರೆ ದಾರಿಯಿಲ್ಲ. ನಕಲಿ ಚರ್ಮದ ಜಾಕೆಟ್, ಬೆಲ್ಟುಗಳ ಬಗ್ಗೆ ಜಾಸ್ತಿ ಎಚ್ಚರ. ಅವುಗಳ ಮೇಲಿನ ಪಾಲಿಯುರೆಥೇನ್ ಅನ್ನುವ ಪ್ಲಾಸ್ಟಿಕ್ ಪದರ ಗಾಳಿಯ ತೇವಕ್ಕೇ ನಿಧಾನವಾಗಿ ಕೆಡುತ್ತದೆ, ತೊಡದೆ ಇಟ್ಟರೂ ಕೆಡುತ್ತದೆ. ಮಡಿಸಿದ ಜಾಗದಲ್ಲಿ ಉಗುರಿನಿಂದ ಕೆರೆದಾಗ ಹೊಟ್ಟಿನ ಹಾಗೆ ಎದ್ದರೆ ಹಬ್ಬದ ದಿನ ನಿಮ್ಮ ಕುತ್ತಿಗೆಯ ತುಂಬ ಅದೇ ಪುಡಿ.

ಹಳೆ ರೇಷ್ಮೆಯನ್ನು, ಸೀರೆಯಾಗಲಿ ಸ್ಕಾರ್ಫಾಗಲಿ, ಮಡಿಕೆಯ ಗೆರೆಯಲ್ಲಿ ನೋಡಬೇಕು. ವರ್ಷಗಟ್ಟಲೆ ಒಂದೇ ಕಡೆ ಮಡಿಸಿಟ್ಟರೆ ಅಲ್ಲೇ ಸೀಳುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಕೆಲವು ಕಾಲ ಪಶ್ಚಿಮದ ದೇಶಗಳಲ್ಲಿ ರೇಷ್ಮೆಗೆ ತೂಕ ಬರಲಿ ಅಂತ ತವರದ ಲವಣ ಕೂಡಿಸುತ್ತಿದ್ದರು. ಅಂಥ ಬಟ್ಟೆ ನೋಡಲು ಎಷ್ಟೇ ಚಂದ ಇರಲಿ, ಒಣಗಿದ ಎಲೆಯ ಹಾಗೆ ತಾನಾಗೇ ಚೂರಾಗುತ್ತದೆ.

ಬಟ್ಟೆಯ ಒಳಗಿನ ಚೀಟಿ, ಅಂದರೆ ಲೇಬಲ್, ಕಿತ್ತುಹೋಗಿದ್ದು, ಯಾವ ನೂಲು ಅಂತ ತಿಳಿಯದಿದ್ದರೆ, ಮನೆಗೆ ತಂದಮೇಲೆ ಒಳಹೊಲಿಗೆಯಿಂದ ಒಂದೆರಡು ಎಳೆ ಬಿಚ್ಚಿ, ಚಿಮಟದಲ್ಲಿ ಹಿಡಿದು, ತಟ್ಟೆಯ ಮೇಲೆ ಸುಟ್ಟು ನೋಡಿ. ಹತ್ತಿ ಸುಟ್ಟರೆ ಕಾಗದದ ವಾಸನೆ, ಮೆತ್ತನೆಯ ಬೂದಿ. ಉಣ್ಣೆ, ರೇಷ್ಮೆ ಸುಟ್ಟರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಒಗೆಯುವುದು, ಇಸ್ತ್ರಿ ಹಾಕುವುದು ಎಲ್ಲ ಇದರ ಮೇಲೆಯೇ ನಿಂತಿರುವುದರಿಂದ ಇದು ದಂಡದ ಕೆಲಸ ಅಲ್ಲ.

ಇನ್ನೊಂದು. ಕೆಳಗಿನ ಅಂಚಿನ ಮಡಿಕೆ ಬಿಚ್ಚಿ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ನನ್ನ ಮಗಳಿಗೆ ಏಳು ವರ್ಷವಿದ್ದಾಗ ಒಂದು ನೀಲಿ ಫ್ರಾಕ್ ಸಿಕ್ಕಿತು. ಅದರ ಅಂಚಿನಲ್ಲಿ ಎರಡು ಗೆರೆ ಇದ್ದವು, ಒಂದರ ಕೆಳಗೆ ಒಂದು, ಎರಡು ಬೆರಳಿನಷ್ಟು ಅಂತರ. ಮೇಲಿನ ಗೆರೆ ಪೂರ್ತಿ ಮಾಸಿತ್ತು, ಕೆಳಗಿನದು ಇನ್ನೂ ಸ್ವಲ್ಪ ಗಾಢವಾಗಿತ್ತು. ಯಾರೋ ಒಬ್ಬ ತಾಯಿ, ಮಗು ಬೆಳೆದಹಾಗೆಲ್ಲ ಎರಡು ಸಲ ಮಡಿಕೆ ಬಿಚ್ಚಿ ಉದ್ದ ಮಾಡಿದ್ದರು. ಎರಡನೇ ಸಲದ ಕೈಹೊಲಿಗೆಯಲ್ಲಿ ದಾರದ ಬಣ್ಣ ಸ್ವಲ್ಪ ಬೇರೆ. ಹೊಂದುವ ದಾರ ಸಿಕ್ಕಿರಲಿಲ್ಲವೇನೋ. ಆದರೆ ಹೊಲಿಗೆ ಎಷ್ಟು ಒತ್ತೊತ್ತಾಗಿ, ಎಷ್ಟು ಸಮನಾಗಿ ಇತ್ತು ಅಂದರೆ, ನಾನು ಅಂಗಡಿಯಲ್ಲಿ ನಿಂತಲ್ಲೇ ಅದರ ಮೇಲೆ ಬೆರಳಾಡಿಸುತ್ತ ನಿಂತುಬಿಟ್ಟೆ. ಮಡಿಕೆಯೊಳಗೆ ಇನ್ನೂ ಬಟ್ಟೆ ಉಳಿದಿತ್ತು. ಹಾಗೆ ಬಟ್ಟೆ ಬಿಟ್ಟು ಹೊಲಿದವರು ಬಾಳಿಕೆ ಬರಲಿ ಅಂತಲೇ ಹೊಲಿದಿರುತ್ತಾರೆ. ಅಂಥದ್ದು ಕಂಡರೆ ಬಿಡಬೇಡಿ.

ಪ್ರಶ್ನೆ: ತಿಗಣೆ, ನುಸಿ, ಚರ್ಮದ ರೋಗ ಇವೆಲ್ಲ ಬಟ್ಟೆಯ ಜೊತೆ ಮನೆಗೆ ಬರುವುದಿಲ್ಲವೇ? ಮನೆಯಲ್ಲಿ ಕೂಸು ಇದೆ. ನುಸಿಗುಳಿಗೆಯ ವಾಸನೆಯೂ ಹೋಗುವುದಿಲ್ಲ.

ಉತ್ತರ: ಬರಬಹುದು. ನನ್ನ ಮನೆಗೇ ಬಂದಿತ್ತು. ಒಂದು ವರ್ಷ ಅವಸರದಲ್ಲಿ ತಂದ ಉಣ್ಣೆ ಕೋಟನ್ನು ಬೇರೆ ಇಡದೆ ನೇರವಾಗಿ ಬೀರುವಿಗೆ ತೂಗುಹಾಕಿದ್ದೆ. ಎರಡು ತಿಂಗಳಲ್ಲಿ ಅಮ್ಮ ಹೆಣೆದ ಸ್ವೆಟರಿನ ಎದೆಯ ಮೇಲೆ ಏಳು ತೂತು. ತಪ್ಪು ಪೂರ್ತಿ ನನ್ನದೇ. ಆ ಸ್ವೆಟರನ್ನು ರಫು ಮಾಡಿ ಇಟ್ಟಿದ್ದೇನೆ, ಆದರೆ ಅಮ್ಮನ ಹೆಣಿಗೆ ಅಮ್ಮನದೇ. ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಅಂದಿನಿಂದ ಸೆಕೆಂಡ್ ಹ್ಯಾಂಡ್ ಬಟ್ಟೆ ನಮ್ಮ ಮನೆಯೊಳಗೆ ಬರುವುದು ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲೇ. ಚೀಲ ಬಿಚ್ಚುವುದು ಒಗೆಯುವ ಜಾಗದಲ್ಲಿ. ಹತ್ತಿ, ಲಿನನ್ ಬಟ್ಟೆಗಳನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿ ನೀರಲ್ಲಿ ಒಗೆದರೆ ತಿಗಣೆಯೂ ಅದರ ಮೊಟ್ಟೆಯೂ ಸಾಯುತ್ತವೆ. ಡ್ರೈಯರ್ ಇದ್ದರೆ ಜಾಸ್ತಿ ಬಿಸಿಯಲ್ಲಿ ಅರ್ಧ ಗಂಟೆ ತಿರುಗಿಸಿ. ಮೊದಲು ಬಟ್ಟೆಯ ಒಳಗಿನ ಚೀಟಿ ನೋಡಿಕೊಳ್ಳಿ. ನೀರಿನ ತೊಟ್ಟಿಯ ಚಿತ್ರದ ಮೇಲೆ ಅಡ್ಡ ಗೀಟು ಇದ್ದರೆ ನೀರಿಗೆ ಹಾಕಬೇಡಿ, ತೊಟ್ಟಿಯ ಕೆಳಗೆ ಒಂದು ಗೆರೆ ಇದ್ದರೆ ಮೆತ್ತಗೆ ಒಗೆಯಿರಿ.

ಬಿಸಿ ನೀರು ತಡೆಯದ ಉಣ್ಣೆಗೆ ಫ್ರೀಜರ್ ಇದೆ. ಚೀಲದಲ್ಲಿ ಹಾಕಿ, ಗಾಳಿ ತೆಗೆದು, ಬಾಯಿ ಕಟ್ಟಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದಮೇಲೆ ಚೀಲ ಬಿಚ್ಚದೆ ಕೋಣೆಯ ಬಿಸಿಗೆ ಬರಲು ಬಿಡಿ, ಇಲ್ಲದಿದ್ದರೆ ಬಟ್ಟೆ ಒದ್ದೆಯಾಗುತ್ತದೆ. ಅಂದಹಾಗೆ, ಬಟ್ಟೆ ತಿನ್ನುವುದು ಹಾರಾಡುವ ನುಸಿ ಅಲ್ಲ, ಅದರ ಮರಿಹುಳು. ಉಣ್ಣೆ, ರೇಷ್ಮೆ, ತುಪ್ಪಳ, ಗರಿ ಅದರ ಊಟ. ಹತ್ತಿಗೆ ಅದು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ, ಬೆವರು ಅಥವಾ ಊಟದ ಕಲೆ ಉಳಿದಿದ್ದರೆ ಹಾಕಬಹುದು. ಅದಕ್ಕೇ ಒಗೆಯದೆ ಏನನ್ನೂ ಎತ್ತಿಡಬಾರದು.

ನುಸಿಗುಳಿಗೆಯ ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಆ ವಾಸನೆ ಇರುವ ಬಟ್ಟೆಯನ್ನು ಕೂಸಿಗೆ ತೊಡಿಸಬೇಡಿ, ಕೂಸನ್ನು ಎತ್ತಿಕೊಳ್ಳುವವರೂ ತೊಡಬೇಡಿ. ನ್ಯಾಫ್ತಲಿನ್ ಗುಳಿಗೆಯ ಜೊತೆ ಇಟ್ಟ ಬಟ್ಟೆಯಿಂದ ಜಿ6ಪಿಡಿ ಅನ್ನುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಕೂಸುಗಳ ರಕ್ತದ ಕೆಂಪು ಕಣಗಳು ಒಡೆಯುವ ಅಪಾಯ ಇದೆ. ಕೂಸಿಗೆ ಆ ಕೊರತೆ ಇದೆಯೋ ಇಲ್ಲವೋ ಅಂತ ಎಷ್ಟೋ ಸಲ ನಮಗೆ ಮೊದಲೇ ಗೊತ್ತಿರುವುದಿಲ್ಲ. ನ್ಯಾಫ್ತಲಿನ್ ನೀರಿನಲ್ಲಿ ಹೆಚ್ಚುಕಡಿಮೆ ಕರಗುವುದೇ ಇಲ್ಲ, ಹಾಗಾಗಿ ಎಷ್ಟು ಒಗೆದರೂ ವಾಸನೆ ನಿಲ್ಲುತ್ತದೆ. ಆದರೆ ಅದು ಗಾಳಿಗೆ ತಾನಾಗೇ ಆವಿಯಾಗಿ ಹೋಗುತ್ತದೆ. ಹೊರಗೆ ಗಾಳಿಯಾಡುವ ನೆರಳಿನಲ್ಲಿ ದಿನಗಟ್ಟಲೆ ತೂಗುಹಾಕಿ, ಆಮೇಲೆ ಒಗೆಯಿರಿ. ಕೂಸಿಗೆ ಬಟ್ಟೆ ಆರಿಸುವಾಗ ಈ ವಾಸನೆ ಬಂದರೆ ಅಲ್ಲೇ ಬಿಟ್ಟು ಬನ್ನಿ.

ಮಕ್ಕಳ ಹಳೆ ಜಾಕೆಟ್ಟಿನ ಟೋಪಿಗೆ, ಕುತ್ತಿಗೆಗೆ ಎಳೆದಾರ ಇದ್ದರೆ ಪೂರ್ತಿ ತೆಗೆದುಬಿಡಿ. ಜಾರುಬಂಡಿಗೋ ಬಾಗಿಲಿಗೋ ಸಿಕ್ಕಿಕೊಂಡು ಕುತ್ತಿಗೆ ಬಿಗಿದ ದುರಂತಗಳು ನಡೆದಿವೆ. ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಮಕ್ಕಳ ಮೇಲುಡುಪಿನಲ್ಲಿ ಇಂಥ ದಾರ ಬೇಡ ಅಂತ 1996ರಲ್ಲಿ ಸೂಚನೆ ಹೊರಡಿಸಿತು. ಅದಕ್ಕಿಂತ ಹಳೆಯ ಜಾಕೆಟ್‌ಗಳು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಈಗಲೂ ಸಿಗಬಹುದು.

ಪ್ರಶ್ನೆ: ಅಳತೆ ನೋಡಿಯೇ ತರುತ್ತೇನೆ, ಆದರೂ ಒಂದು ದೊಗಳೆ, ಒಂದು ಬಿಗಿ. ಯಾಕೆ?

ಉತ್ತರ: ಚೀಟಿಯ ಮೇಲಿನ ಅಂಕಿಯನ್ನು ನಂಬಬೇಡಿ. ಹೆಂಗಸರ ಬಟ್ಟೆಯಲ್ಲಿ ಬ್ರಿಟನ್ನಿನ 12ನೇ ಸೈಜು ಅಮೆರಿಕದಲ್ಲಿ ಸುಮಾರು 8. ಅಮೆರಿಕದಲ್ಲಿ ಹೆಂಗಸರ ಬಟ್ಟೆಗೆ 1958ರಲ್ಲಿ ಒಂದು ಅಧಿಕೃತ ಅಳತೆ ಪಟ್ಟಿ ಬಂತು. ಅದನ್ನು ಪಾಲಿಸಲೇಬೇಕು ಅಂತ ಇರಲಿಲ್ಲ, 1983ರಲ್ಲಿ ಅದನ್ನೂ ಕೈಬಿಟ್ಟರು. ಕಾಲ ಕಳೆದಹಾಗೆ ಅದೇ ಅಂಕಿಯ ಬಟ್ಟೆ ಅಗಲವಾಗುತ್ತ ಬಂತು. ಬೇರೆ ಬೇರೆ ಕಾಲದ, ಬೇರೆ ಬೇರೆ ದೇಶದ ಬಟ್ಟೆ ಒಂದೇ ಕಂಬಿಗೆ ತೂಗುಬಿದ್ದಿರುವ ಅಂಗಡಿಯಲ್ಲಿ ಅಂಕಿಗೆ ಏನು ಅರ್ಥ?

ಮನೆಯಲ್ಲಿ ನಿಮಗೆ ಸರಿಯಾಗಿ ಕೂರುವ ಒಂದು ಶರ್ಟನ್ನು ಹಾಸಿ ಭುಜ, ಎದೆ, ಉದ್ದ ಅಳೆದು ಬರೆದುಕೊಳ್ಳಿ. ಅಂಗಡಿಯಲ್ಲಿ ಬಟ್ಟೆಯನ್ನು ಹಾಗೇ ಹಾಸಿ ಅಳೆಯಿರಿ. ಭುಜ ಸರಿ ಇದ್ದರೆ ತನ್ನಿ. ಎದೆ, ಸೊಂಟ, ಉದ್ದ ಎಲ್ಲ ಹಿಡಿಸಬಹುದು. ಭುಜ ತಪ್ಪಿದ ಕೋಟನ್ನು ಸರಿ ಮಾಡಲು ತೋಳು, ಲೈನಿಂಗ್ ಎರಡೂ ಬಿಚ್ಚಬೇಕು. ಹಬ್ಬದ ಒಳಗೆ ಆಗುವ ಕೆಲಸ ಅಲ್ಲ ಅದು.

ಪ್ರಶ್ನೆ: ಬಿಳಿ ಶರ್ಟಿನ ಕಂಕುಳಲ್ಲಿ ಹಳದಿ ಕಲೆ. ಬ್ಲೀಚ್ ಹಾಕಿದೆ, ಇನ್ನೂ ಹಳದಿಯಾಯಿತು!

ಉತ್ತರ: ಬೆವರಿನ ಕಲೆಗೆ ಕ್ಲೋರಿನ್ ಬ್ಲೀಚ್ ಬೇಡ. ಸೋಡಿಯಂ ಪರ್ಕಾರ್ಬೊನೇಟ್ ಇರುವ, ಕಲೆ ತೆಗೆಯುವ ಪುಡಿಯನ್ನು ಬಿಸಿ ನೀರಲ್ಲಿ ಕರಗಿಸಿ, ಕೆಲವು ಗಂಟೆ ನೆನೆಹಾಕಿ ಒಗೆಯಿರಿ. ಹತ್ತಿಗೆ ಇದು ಸರಿ, ಉಣ್ಣೆ ರೇಷ್ಮೆಗೆ ಬೇಡ. ಕಲೆ ಪೂರ್ತಿ ಹೋಗುವವರೆಗೂ ಇಸ್ತ್ರಿ ತಾಗಿಸಬೇಡಿ. ಬ್ಲೀಚಿನ ಜೊತೆ ವಿನೆಗರ್ ಯಾವತ್ತೂ ಬೆರೆಸಬೇಡಿ, ವಿಷಗಾಳಿ ಏಳುತ್ತದೆ.

ಪ್ರಶ್ನೆ: ನಮ್ಮ ಮಾವನವರಿಗೆ ಇದು ಸುತಾರಾಂ ಇಷ್ಟವಿಲ್ಲ. "ಯಾರೋ ತೊಟ್ಟು ಬಿಟ್ಟಿದ್ದನ್ನು ಹಬ್ಬಕ್ಕೆ ತೊಡುವ ಗತಿ ನಮಗೇನು ಬಂದಿದೆ?" ಅನ್ನುತ್ತಾರೆ. ಏನು ಹೇಳಲಿ?

ಉತ್ತರ: ಮೊದಲು ಅವರ ಮಾತನ್ನು ಪೂರ್ತಿ ಕೇಳಿ. ಬೇರೆಯವರ ಬಟ್ಟೆಯನ್ನು ಬೇರೆ ದಾರಿ ಇಲ್ಲದೆ ತೊಟ್ಟು ಬೆಳೆದವರು ಎಷ್ಟೋ ಜನ. ತಮ್ಮ ಮಕ್ಕಳಿಗೆ ಹೊಸದು ತೊಡಿಸುವುದೇ ಅವರ ಬದುಕಿನ ದೊಡ್ಡ ಆಸೆಯಾಗಿತ್ತು. ಅವರಿಗೆ ನಮ್ಮ ಈ ಖುಷಿ ಚುಚ್ಚುತ್ತದೆ. ಅದು ಅರ್ಥವಾಗುವ ನೋವು. ನಮ್ಮ ಮನೆಯಲ್ಲೂ ಅಪ್ಪ ಮೊದಲ ವರ್ಷ ಅಮ್ಮನ ಜೊತೆ ಎರಡು ದಿನ ಮಾತು ಬಿಟ್ಟಿದ್ದರು.

ಆದರೆ ಇದು ಗತಿಗೆಟ್ಟವರ ಕೆಲಸ ಅಂತ ಮಾತ್ರ ನಾನು ಒಪ್ಪುವುದಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಶುರುವಾಗಿ, 1941ರ ಜೂನ್‌ನಿಂದ 1949ರವರೆಗೆ, ಬ್ರಿಟನ್ನಿನಲ್ಲಿ ಬಟ್ಟೆಗೆ ರೇಷನ್ ಇತ್ತು. ಶುರುವಿನಲ್ಲಿ ಒಬ್ಬರಿಗೆ ವರ್ಷಕ್ಕೆ 66 ಕೂಪನ್. ಒಂದು ಉಣ್ಣೆ ಫ್ರಾಕಿಗೇ 11 ಕೂಪನ್ ಹೋಗುತ್ತಿತ್ತು. ಸೆಕೆಂಡ್ ಹ್ಯಾಂಡ್ ಬಟ್ಟೆಗೆ ಮಾತ್ರ ಕೂಪನ್ ಬೇಕಿರಲಿಲ್ಲ. ದುಡ್ಡಿದ್ದವರೂ ಇಲ್ಲದವರೂ ಇದ್ದದ್ದನ್ನೇ ಬಿಚ್ಚಿ ಹೊಲಿದು ತೊಟ್ಟರು. ಅದಕ್ಕೂ ಮೊದಲು, 1902ರಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ ಎಡ್ಗರ್ ಹೆಲ್ಮ್ಸ್ ಅನ್ನುವ ಪಾದ್ರಿ ಉಳ್ಳವರ ಮನೆಗಳಿಂದ ಹಳೆ ಬಟ್ಟೆ ಸಾಮಾನು ತಂದು, ಕೆಲಸವಿಲ್ಲದ ಬಡವರಿಗೆ ಅದನ್ನು ರಿಪೇರಿ ಮಾಡುವ ಕೆಲಸ ಕೊಟ್ಟರು. ಇವತ್ತಿನ ಗುಡ್‌ವಿಲ್ ಅನ್ನುವ ಸೆಕೆಂಡ್ ಹ್ಯಾಂಡ್ ಅಂಗಡಿಗಳು ಹುಟ್ಟಿದ್ದು ಹಾಗೆ. ನನಗೆ ಇದರಲ್ಲಿ ಹಿಡಿಸುವುದು ಆ ರಿಪೇರಿಯ ಭಾಗ. ಬಟ್ಟೆಯನ್ನು ಸುಮ್ನೆ ದಾಟಿಸಲಿಲ್ಲ, ಅದರ ಮೇಲೆ ಒಂದಷ್ಟು ಜನ ಕೂತು ಕೈಕೆಲಸ ಮಾಡಿದರು.

ಇದನ್ನೆಲ್ಲ ಹೇಳಿ ಮಾವನವರನ್ನು ಗೆಲ್ಲಬೇಕು ಅಂತ ಹೊರಡಬೇಡಿ. ಅವರಿಗೆ ಹೊಸದನ್ನೇ ತನ್ನಿ, ಸಂತೋಷವಾಗಿ ತನ್ನಿ. ಆದರೆ ಅವರದ್ದೇ ಒಂದು ಹಳೆ ಕೋಟೋ ಶರ್ಟೋ ಬೀರುವಿನಲ್ಲಿ ಇರುತ್ತದಲ್ವಾ? ಅದನ್ನು ಮೊಮ್ಮಗನ ಅಳತೆಗೆ ಹಿಡಿಸಿಕೊಡಲೇ ಅಂತ ಕೇಳಿ ನೋಡಿ. ನಮ್ಮಪ್ಪ ಕರಗಿದ್ದು ಹಾಗೆ. ಅವರ ಬೂದು ಕೋಟನ್ನು ಅಮ್ಮ ಬಿಚ್ಚಿ, ಬಣ್ಣ ಮಾಸದ ಒಳಮಗ್ಗುಲನ್ನು ಹೊರಗೆ ತಿರುಗಿಸಿ ತಮ್ಮನಿಗೆ ಹೊಲಿದರು. ಜೇಬು ಮಾತ್ರ ಬಲಗಡೆಗೆ ಬಂತು. ಹಬ್ಬದ ದಿನ ಅಪ್ಪ ಆ ಜೇಬಿನೊಳಗೆ ತಮ್ಮ ಪೆನ್ನು ತೆಗೆದು ಸಿಕ್ಕಿಸಿದರು.

ಪ್ರಶ್ನೆ: ಹಬ್ಬ ಮುಗಿದಮೇಲೆ ಆ ಬಟ್ಟೆಗಳನ್ನು ಏನು ಮಾಡುತ್ತೀರಿ?

ಉತ್ತರ: ತೊಡುತ್ತೇವೆ. ಹಬ್ಬಕ್ಕೆ ಅಂತ ಎತ್ತಿಟ್ಟರೆ ನುಸಿಯ ಪಾಲು. ಮಕ್ಕಳಿಗೆ ಚಿಕ್ಕದಾದದ್ದು, ದೊಡ್ಡವರಿಗೆ ಸಾಕೆನಿಸಿದ್ದು ಮುಂದಿನ ವರ್ಷ ಅಂಗಡಿಗೆ ಹೋಗುವಾಗ ಜೊತೆಗೆ ಹೋಗುತ್ತದೆ. ಹಾಗೇ ಕೊಡುವುದಿಲ್ಲ. ಒಗೆದು, ಜೇಬು ತಡಕಿ ನೋಡಿ, ಬಿದ್ದ ಗುಂಡಿ ಹಾಕಿ ಕೊಡುತ್ತೇವೆ. ಹರಿದದ್ದನ್ನು ಕೊಡುವುದಿಲ್ಲ. ಹಾಗೆ ಕೊಟ್ಟರೆ ನಮ್ಮ ಕಸವನ್ನು ಅವರ ಕೈಯಲ್ಲಿ ಎಸೆಸಿದ ಹಾಗೆ. ಹರಿದದ್ದು ಮನೆಯಲ್ಲೇ ಒರೆಸುವ ಬಟ್ಟೆಯಾಗುತ್ತದೆ, ಗುಂಡಿಗಳು ಡಬ್ಬಿಗೆ ಹೋಗುತ್ತವೆ.

ಹಸಿರು ಮಖಮಲ್ ಜಾಕೆಟ್ ಮಾತ್ರ ಎಲ್ಲಿಗೂ ಹೋಗಿಲ್ಲ. ನೀಲಿ ಫ್ರಾಕನ್ನು ಮಗಳು ಎರಡು ಹಬ್ಬಕ್ಕೆ ತೊಟ್ಟಳು. ಎರಡನೇ ಹಬ್ಬಕ್ಕೆ ನಾನು ಮಡಿಕೆ ಬಿಚ್ಚಿ ಎರಡು ಬೆರಳು ಉದ್ದ ಮಾಡಿದೆ. ನನಗೂ ಹೊಂದುವ ದಾರ ಸಿಗಲಿಲ್ಲ. ಈಗ ಅದರಲ್ಲಿ ಮೂರು ಗೆರೆ. ಮೂರನೇ ವರ್ಷ ಅದನ್ನು ಅಂಗಡಿಗೆ ವಾಪಸ್ ಕೊಟ್ಟೆವು. ಕೊಡುವ ಮುಂಚೆ ಮಡಿಕೆ ತಿರುಗಿಸಿ ನೋಡಿದೆ. ಒಳಗೆ ಇನ್ನೂ ಒಂದು ಬೆರಳಿನಷ್ಟು ಬಟ್ಟೆ ಉಳಿದಿತ್ತು.